ಕಾಳಿನಷ್ಟು ಗ್ರಂಥಿ

ನರಿನ್ ಸೀಮೆ, ಅಕ್ಟೋಬರ್ 14

ಎಡಗೈ ಬರಹ, ಸೊಟ್ಟಗಿದ್ದರೆ ಇರಲಿ. ಎರಡು ವರ್ಷದಲ್ಲಿ ಮೂರನೇ ಸಲ ಬಲಗೈ ಮುರಿದಿದೆ, ಅದೂ ಬರೀ ಚಹಾದ ಕೆಟಲ್ ಎತ್ತಿದ್ದಕ್ಕೆ.

ಹಿಂದೆ ಎರಡು ಸಲವೂ ಮೂಳೆ ಕಟ್ಟಿದವನು ನಮ್ಮೂರ ಮಹಾಪಂಡಿತ ಕೊಚ್ಕೊರ್‌ಬಾಯ್. "ಪಟ್ಟಣದ ಸೊಸೆ, ಮೂಳೆಯೆಲ್ಲ ಒಣಕಡ್ಡಿ. ಕುರಿಬಾಲದ ಕೊಬ್ಬು ತಿನ್ಸಿ" ಅಂದಿದ್ದ. ಅತ್ತೆ ತಿನ್ನಿಸಿದ್ದೇ ತಿನ್ನಿಸಿದ್ದು.

ಈ ಸಲ ಹಟ ಹಿಡಿದು ಆಸ್ಪತ್ರೆಗೆ ಹೋದೆ. ಇವತ್ತು ರಕ್ತಪರೀಕ್ಷೆ ನೋಡಿ ಡಾಕ್ಟರಮ್ಮ ಹೇಳಿದರು: "ಗಂಟಲ ಹತ್ರ ಕಾಳಿನಷ್ಟು ಗ್ರಂಥಿ ಕೆಟ್ಟಿದೆಯಮ್ಮ. ಅದರ ಹಾರ್ಮೋನು ಮೂಳೆಯ ಕ್ಯಾಲ್ಸಿಯಂನ್ನೆಲ್ಲ ರಕ್ತಕ್ಕೆ ಎಳೀತಿದೆ. ಅದನ್ನ ತೆಗೀಬೇಕು."

ಮನೆಯಲ್ಲಿ ಹೇಳಿದರೆ ಅತ್ತೆ ನಕ್ಕರು. "ಕಾಳು ಹೋಗಿ ಕೈ ಮುರಿಯುತ್ತಾ? ನಾಳೆ ಕೊಚ್ಕೊರ್‌ಬಾಯ್ ಊಟಕ್ಕೆ ಬರ್ತಾರೆ, ಈ ಆಸ್ಪತ್ರೆ ಪಟ್ಟೀನ ಬಿಚ್ಚಿ ಸರಿಯಾಗಿ ಕಟ್ತಾರೆ." ಗಂಡ ಟೋಪಿ ಸರಿಮಾಡಿಕೊಂಡು ಹೊರಗೆ ಹೋದ.

ದೊಡ್ಡ ಅತಿಥಿಗೆ ಸಲ್ಲುವ ಬೇಯಿಸಿದ ಕುರಿತಲೆ ಅವನಿಗಂತೆ. ತಿನ್ನಲಿ. ತನ್ನ ತಲೆಯಲ್ಲಿ ಇಲ್ಲದ್ದು ಅದರಲ್ಲಾದರೂ ಸಿಗಲಿ.

ಸೋಮವಾರದ ಆಪರೇಷನ್ನಿಗೆ ಹೆಸರು ಬರೆಸಿ ಬಂದಿದ್ದೇನೆ. ಇನ್ನು ಯಾರನ್ನೂ ಕೇಳುವುದಿಲ್ಲ. ನಾಳೆ ಅವನಿಗೆ ಚಹಾ ಕೊಡಬೇಕಾದವಳು ಸೊಸೆಯಾದ ನಾನೇ. ಎಡಗೈಯಲ್ಲಿ ಕೊಡುವುದು ನಮ್ಮಲ್ಲಿ ದೊಡ್ಡ ಅವಮಾನ.

ಏನು ಮಾಡಲಿ, ಬಲಗೈ ಮುರಿದಿದೆಯಲ್ಲ.