ಧಾರಿಣಿಯ ಫೋಲ್ಡರ್

ಜುಲೈ ೧೪, ಸೋಮವಾರ. ಪೀತಮ್‌ಪುರ.

ನಿನ್ನೆ ಕಂಪ್ಯೂಟರ್ ಅಪ್‌ಡೇಟ್ ಆದಮೇಲೆ ಪರದೆಯಿಂದ ಧಾರಿಣಿಯ ಫೋಲ್ಡರಿನ ಶಾರ್ಟ್‌ಕಟ್ ಮಾಯವಾಗಿದೆ. ಮಗಳು ತನ್ನ ಪಿಎಚ್‌ಡಿ ಅಧ್ಯಾಯಗಳನ್ನು ನನಗೂ ಕಾಣಲೆಂದು ಹಂಚಿಕೊಂಡಿದ್ದು ಅದರಲ್ಲೇ. ಮೂರು ಸಲ ರೀಸ್ಟಾರ್ಟ್ ಮಾಡಿ ಸೋತು, ಕೆಳಗಿನ ಮನೆಯ ಮನೋಜ್‌ನನ್ನು ಕರೆದೆ. ಎರಡು ನಿಮಿಷದಲ್ಲಿ ಶಾರ್ಟ್‌ಕಟ್ ವಾಪಸ್ ತಂದ. ಒತ್ತಿದರೆ, ನಿಮಗೆ ಅನುಮತಿ ಇಲ್ಲ ಎಂದು ಬಂತು. ಇದು ಅಪ್‌ಡೇಟ್‌ನ ಕೆಲಸವಲ್ಲ, ಫೋಲ್ಡರ್ ಯಾರದೋ ಅವರೇ ನಿಮ್ಮ ಹೆಸರು ತೆಗೆದಿರಬೇಕು ಎಂದ.

ಮೂವತ್ತೊಂದು ವರ್ಷ ಸಚಿವಾಲಯದ ಕಡತಗಳ ಮೇಲೆ ಟಿಪ್ಪಣಿ ಬರೆದ ಕೈ, ನಿವೃತ್ತಿಯಾದರೂ ಸುಮ್ಮನಿರಲಿಲ್ಲ. ಅವಳ ಅಧ್ಯಾಯಗಳ ಅಂಚಿನಲ್ಲೂ ‘ಪರಿಶೀಲಿಸಿ’, ‘ಆಧಾರ ಎಲ್ಲಿ?’, ‘ಚರ್ಚಿಸಿ’ ಎಂದು ಬರೆಯುತ್ತಿದ್ದೆ. ಕಳೆದ ವಾರ ಮೂರನೇ ಅಧ್ಯಾಯಕ್ಕೆ, ಒಪ್ಪಿಗೆಯಾಗದ ಕಡತ ಹಿಂದಿರುಗಿಸುವಾಗ ಬರೆಯುವಂತೆ, ‘ಮರುಮಂಡಿಸಿ’ ಎಂದು ಬರೆದು, ಅಭ್ಯಾಸಬಲದಿಂದ ಕೆಳಗೆ ಹೆಸರು, ತಾರೀಖು ಕೂಡ ಹಾಕಿದೆ. ಅದನ್ನು ಅವಳ ಗೈಡ್ ಕೂಡ ನೋಡುತ್ತಾರೆಂಬುದು ಮರೆತೇಹೋಗಿತ್ತು.

ಸಂಜೆ ಧಾರಿಣಿಗೆ ಫೋನ್ ಮಾಡಿ, ಅಪ್‌ಡೇಟ್ ಆದಮೇಲೆ ಫೋಲ್ಡರ್ ತೆರೆಯುತ್ತಿಲ್ಲ ಎಂದೆ.

“ಅಚ್ಛಾ? ಅಪ್‌ಡೇಟ್ ಆದ್ರೆ ಹಾಗೆಲ್ಲ ಆಗುತ್ತೆ ಅಪ್ಪ. ನೋಡ್ತೀನಿ,” ಎಂದಳು. ಅಷ್ಟು ಮೃದುವಾಗಿ ಅವಳು ನನ್ನೊಡನೆ ಮಾತಾಡಿ ವರ್ಷಗಳೇ ಆಗಿದ್ದವು.

“ಹೌದಮ್ಮ, ಈ ಅಪ್‌ಡೇಟ್‌ಗಳದ್ದೇ ಕಾಟ,” ಎಂದೆ.

ಶಾರ್ಟ್‌ಕಟ್ ಇನ್ನೂ ಪರದೆಯ ಮೇಲಿದೆ. ಅಳಿಸಲು ಮನಸ್ಸು ಬರಲಿಲ್ಲ. ಮೂರನೇ ಅಧ್ಯಾಯ ನಿಜಕ್ಕೂ ಚೆನ್ನಾಗಿತ್ತು. ಆ ಮಾತನ್ನು ಈಗ ಎಲ್ಲಿ ಬರೆಯಲಿ?