ಅಟ್ಟದ ಮೇಲಿನ ಮದುವೆ ಪಾತ್ರೆಗಳು

ಗುರುವಾರ, ಜೂನ್ 12, 2025

ಅವ್ವ ರಾತ್ರಿ ಊಟ ಮಾಡಲಿಲ್ಲ. ಮಾಡದಿರಲಿ, ನಾನು ಮಾಡಿದೆ.

ಈ ಸಲ ಕಾಯಿ ಮಾರದೆ ನಾನೇ ಕೊಬ್ಬರಿ ಮಾಡುತ್ತೇನೆಂದು ಹೇಳಿದ್ದೆ. ಕೆಡವಿದ ಕಾಯಿ ಅಂಗಳದಲ್ಲೇ ಬಿದ್ದಿತ್ತು. ಮಳೆಗೆ ನೆನೆದು ಮೊಳಕೆ ಬಂದರೆ ಕೊಬ್ಬರಿಯ ಕತೆ ಮುಗಿಯಿತು. ಅಟ್ಟಕ್ಕೆ ಏರಿಸೋಣವೆಂದರೆ ಅರ್ಧ ಅಟ್ಟ ನನ್ನ ಮದುವೆ ಪಾತ್ರೆಗಳದ್ದೇ. ನಾನು ಹೈಸ್ಕೂಲು ಬಿಟ್ಟಾಗಿನಿಂದ ಅವ್ವ ಒಂದೊಂದೇ ಕೊಂಡು, ‘ಜೀವಿತಾ’ ಎಂದು ಹೆಸರು ಹಾಕಿಸಿ, ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದಾಳೆ.

ಇವತ್ತು ಎಲ್ಲವನ್ನೂ ಇಳಿಸಿದೆ.

“ಸ್ಕೂಲೂ ಬುಟ್ಟೆ, ಈಗ ಮದುವೇನೂ ಬುಡ್ತೀಯೇನೇ?” ಎಂದಳು ಅವ್ವ.

“ಗಂಡು ಎಲ್ಲವ್ನೆ ತೋರ್ಸವ್ವ. ಅವ್ನನ್ನೂ ಅಟ್ಟದ ಮೇಲೇ ಇಟ್ಟಿದ್ದೀಯಾ?”

ಆಟೋ ತಂದಿದ್ದ ಪಕ್ಕದ ಮನೆಯ ಜ್ಞಾನೇಶಣ್ಣ ನಕ್ಕುಬಿಟ್ಟ. ಅವ್ವನಿಗೆ ತಡೆಯಲಾಗದ್ದು ಆ ನಗುವೇ.

ಪಾತ್ರೆಗಳನ್ನು ಅದೇ ಆಟೋದಲ್ಲಿ ಹೇರಿಕೊಂಡು ಹೋಗಿ ಮಠದ ದಾಸೋಹಕ್ಕೆ ಕೊಟ್ಟು ಬಂದೆ. ‘ಮದುವೆ ಯಾವಾಗ’ ಎಂದು ಕೇಳುವವರೆಲ್ಲ ಇನ್ನು ನನ್ನ ಹೆಸರಿನ ಪಾತ್ರೆಯಿಂದಲೇ ಸಾರು ಹಾಕಿಸಿಕೊಳ್ಳಲಿ.

ಇಲ್ಲಿ ಸುಳ್ಳು ಬರೆಯುವುದಿಲ್ಲ. ಅವ್ವ ಒಂದು ಕೊಳಗವನ್ನು ಸೆರಗಿನಿಂದ ಒರೆಸಿ, ಅದರ ಮೇಲಿನ ಹೆಸರನ್ನು ಬೆರಳಲ್ಲಿ ಸವರಿದಳು. ಅದನ್ನು ಎಲ್ಲಕ್ಕಿಂತ ಕೊನೆಗೆ ಆಟೋಗೆ ಏರಿಸಿದೆ. ಆದರೂ ಅದನ್ನೂ ಕೊಟ್ಟೆ.

ಕತ್ತಲಾಗುವಷ್ಟರಲ್ಲಿ ಕಾಯಿಯೆಲ್ಲ ಅಟ್ಟ ಸೇರಿತು. ತೋಳು ಎತ್ತಲಾಗುತ್ತಿಲ್ಲ, ಅಕ್ಷರಗಳು ಸೊಟ್ಟಗಾಗುತ್ತಿವೆ. ಕಾಯಿ ಒಣಗಿ ಕೊಬ್ಬರಿಯಾಗಲು ವರ್ಷ ಹಿಡಿಯುತ್ತದೆ. ಅವ್ವನ ಸಿಟ್ಟಿಗೂ ಅಷ್ಟು ಕಾಲ ಕೊಡುತ್ತೇನೆ. ಪಾತ್ರೆ ಮಾತ್ರ ವಾಪಸ್ ತರುವುದಿಲ್ಲ.