ಡಬರಿಯ ಮೇಲೆ ಅಮ್ಮನ ಹೆಸರು

ಬಾಣಸವಾಡಿ
೯ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಅಕ್ಕನಿಗೆ ನಿನ್ನ ಭಾಗ್ಯ ಮಾಡುವ ನಮಸ್ಕಾರ.

ನಿನ್ನ ಫೋನ್‌ಗೆಲ್ಲ ಹಾಂ, ಹೂಂ ಅಂತಷ್ಟೇ ಅಂದೆ, ಕ್ಷಮಿಸು. ಫೋನ್‌ನಲ್ಲಿ ಏನೇ ಮಾತಾಡಿದರೂ ಆಮೇಲೆ ಅವನು ರೆಕಾರ್ಡಿಂಗ್ ತೆಗೆದು ಕೇಳುತ್ತಾನೆ ಅನ್ನುವ ಭಯ ಹನ್ನೊಂದು ವರ್ಷದ್ದು. ವಿಚ್ಛೇದನ ಸಿಕ್ಕ ತಕ್ಷಣ ಹೋಗುತ್ತದೆಯೇ? ಅದಕ್ಕೇ ಕಾಗದ. ಓದಿ ಹರಿದುಹಾಕು.

ಸಿ.ವಿ. ರಾಮನ್ ನಗರದ ಮನೆ ಮಾರಿ ಅರ್ಧರ್ಧ ಅಂತ ಕೋರ್ಟಿನಲ್ಲೇ ಆಯಿತಲ್ಲ. ಉಳಿದದ್ದು ಸಾಮಾನು. "ಪಾತ್ರೆಗೆಲ್ಲ ಜಗಳ ಯಾಕೆ? ಯಾರ ಕಡೆಯವರ ಹೆಸರು ಕೆತ್ತಿದ್ಯೋ ಅವರು ತಗೊಳ್ಳೋದು. ಹೆಸರಿಲ್ಲದ್ದನ್ನ ಸಮ ಮಾಡ್ಕೊಳ್ಳೋಣ" ಅಂದ ಮಧುಕರ್. ಅವನು ಅಷ್ಟು ನ್ಯಾಯವಾಗಿ ಮಾತಾಡಿದ್ದೇ ನನಗೆ ಅನುಮಾನ. ನಾನು ಊಟದ ಆರ್ಡರ್‌ಗೆ ಅಡುಗೆ ಮಾಡುವ ಮೂರು ಹಿತ್ತಾಳೆ ಡಬರಿಗಳ ಮೇಲೆ ಯಾರ ಹೆಸರೂ ಇರಲಿಲ್ಲ. ಇಬ್ಬರೂ ಸೇರಿ ಕೊಂಡದ್ದು. ಅವು ಹೋದರೆ ನನ್ನ ಅನ್ನವೇ ಹೋದಂತೆ. ಮನೆಯ ಇನ್ನೊಂದು ಬೀಗದ ಕೈ ಅವನ ಹತ್ತಿರವೇ ಇತ್ತು. ನಾನಿಲ್ಲದಾಗ ಬಂದು, ತಗೊಂಡು ಹೋಗಿ, ಅವರಮ್ಮನ ಹೆಸರು ಕೆತ್ತಿಸಿಬಿಟ್ಟರೆ?

ಅವನಿಗಿಂತ ಮುಂಚೆ ನಾನೇ ಆಟೋದಲ್ಲಿ ಹಾಕಿಕೊಂಡು ಶಿವಾಜಿನಗರಕ್ಕೆ ಹೋದೆ. ಪಾತ್ರೆ ಅಂಗಡಿಯ ಅಹ್ಮದ್ ಪಾಷಾ ಕೈಲಿ ಮೂರರ ಮೇಲೂ ಅಮ್ಮನ ಹೆಸರು ಹಾಕಿಸಿದೆ, ದೊಡ್ಡಮುನಿಯಮ್ಮ ಅಂತ. "ಹೊಸ ಅಕ್ಷರ ಬೆರಳಿಗೆ ಗೊತ್ತಾಗ್ಬಿಡತ್ತಮ್ಮ" ಅಂತ ಅವರು ನಕ್ಕರು. ಮನೆಗೆ ಬಂದು ಎಣ್ಣೆಮಸಿ ತಿಕ್ಕಿ ತಿಕ್ಕಿ ಹಳತು ಮಾಡಿದೆ.

ಹೋದ ಶುಕ್ರವಾರ ಅವನ ಸೋದರಮಾವ ಮುನಿಕೃಷ್ಣಪ್ಪನವರು ನಡುವೆ ಕೂತು ಒಂದೊಂದೇ ಪಾತ್ರೆ ತಿರುಗಿಸಿ ಹೆಸರು ಓದಿದರು. ಡಬರಿ ಬಂದಾಗ ಮಧುಕರ್ ಕೈಚಾಚಿ ತಗೊಂಡ. ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿದ.

"ಇದು ನಾವು ತಗೊಂಡಿದ್ದಲ್ವಾ?"

"ಅಲ್ಲ, ಅಮ್ಮ ಕೊಟ್ಟಿದ್ದು" ಅಂದೆ.

ನನ್ನ ಮುಖ ನೋಡಿದ. "ಹೌದಾ? ನಂಗೇ ಮರೆತೋಗಿದೆ ಬಿಡು" ಅಂತ ನನ್ನ ಕಡೆ ಸರಿಸಿದ. ಉಳಿದೆರಡನ್ನು ಮುಟ್ಟಲೂ ಇಲ್ಲ.

ಈಗ ಈ ಬಾಡಿಗೆ ಮನೆಯಲ್ಲಿ ಡಬರಿ ಒಲೆಯ ಮೇಲಿದೆ, ನಾಳೆ ನಲವತ್ತು ಊಟದ ಆರ್ಡರ್. ಆದರೆ ಅವನು ನಿನಗೆ ಫೋನ್ ಮಾಡಿ ವಿಚಾರಿಸದೆ ಬಿಡುವವನಲ್ಲ. ಕೇಳಿದರೆ ಅಮ್ಮನೇ ಕೊಟ್ಟಿದ್ದು ಅನ್ನು. ಮೇಲಿರುವ ಅಮ್ಮ ಬೈದರೆ ನಾನು ಬೈಸಿಕೊಳ್ಳುತ್ತೇನೆ.

ಭಾವನಿಗೆ ನಮಸ್ಕಾರ ಹೇಳು. ಮಕ್ಕಳು ಚೆನ್ನಾಗಿರಲಿ, ನಿಮ್ಮ ಮನೆ ತಣ್ಣಗಿರಲಿ.

ನಿನ್ನ ತಂಗಿ,
ಭಾಗ್ಯಲಕ್ಷ್ಮಿ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಒಡೆದೆ. ಅವನು ನಿನಗೆ ಫೋನ್ ಮಾಡುವುದಿಲ್ಲ ಅಕ್ಕ, ನನಗೆ ಗೊತ್ತು. ಹಾಲಿಗೆ ಹೋದವಳು ಹತ್ತು ನಿಮಿಷ ತಡವಾಗಿ ಬಂದರೆ ಹಾಲಿನಂಗಡಿಗೇ ಹೋಗಿ ಕೇಳಿಕೊಂಡು ಬರುತ್ತಿದ್ದವನು. ಹನ್ನೊಂದು ವರ್ಷ ನಾನು ಹೇಳಿದ ಒಂದು ನಿಜವನ್ನೂ ನಂಬಲಿಲ್ಲ. ಅವತ್ತು ಮೊದಲನೇ ಸಲ ಸುಳ್ಳು ಹೇಳಿದೆ. ನಂಬಿಬಿಟ್ಟ.